ಮನೆ ಮಾರಾಟಕ್ಕಿದೆ: ಹಗೇವಿನ ಮೇಲಿನ ವಿಭೂತಿ

"ಮನಿ ಛಲೋ ಅದ ಅಂತೀರಿ. ಗಾಳಿ ಬೆಳಕು ಛಲೋ ಅದ ಅಂತೀರಿ. ಕಾಗದ ಪತ್ರ ಬರೋಬ್ಬರಿ ಅವ ಅಂತೀರಿ. ಮತ್ತ ಬ್ಯಾಡ ಅಂತೀರಿ. ನಾ ಏನಂತ ತಿಳ್ಕೋಬೇಕ್ರಿ?"

ಮಹಾನಂದಾ ಸಂತೋಷಕುಮಾರನನ್ನು ಅವನ ಮನೆಯ ಪಡಸಾಲೆಯಲ್ಲೇ ಕೇಳಿದಳು. ಅವನು ಕೈಯಲ್ಲಿದ್ದ ಚಹಾದ ಕಪ್ಪನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದ. ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡುವ ಆಳು, ಆನೆಯಂಥ ಯಂತ್ರಗಳನ್ನು ಬಿಚ್ಚಿ ಜೋಡಿಸುವವನು, ಒಂದು ಸರಳ ಪ್ರಶ್ನೆಗೆ ಬೆವರುತ್ತಿದ್ದ.

"ಮನಸ್ಸಿಗಿ ಒಪ್ಪಲಿಲ್ರಿ ಅಕ್ಕಾರ," ಅಂದ ಕೊನೆಗೆ.

ಅದೇ ಮಾತು. ಮೂರು ವಾರದಲ್ಲಿ ಮೂವರು ಬಂದು ಆಳಂದದ ಸುಮಿತ್ರಾಬಾಯಿಯ ಮನೆ ನೋಡಿ, ಮೆಚ್ಚಿ, ಮರುದಿನವೇ ಇದೇ ಮಾತು ಹೇಳಿ ಜಾರಿಕೊಂಡಿದ್ದರು. ಒಬ್ಬರಿಗೆ ಒಪ್ಪಲಿಲ್ಲ ಅಂದರೆ ಅದು ಅವರ ಮನಸ್ಸು. ಮೂವರಿಗೂ ಒಂದೇ ಮಾತಿನಲ್ಲಿ ಒಪ್ಪಲಿಲ್ಲ ಅಂದರೆ ಅದರ ಹಿಂದೆ ಯಾರದೋ ಕೈ ಇರಲೇಬೇಕು ಎಂದು ಮಹಾನಂದಾಗೆ ಅನ್ನಿಸಿತ್ತು.

ಮಹಾನಂದಾ ಪತ್ತೇದಾರಿಣಿ ಎಂದು ಬೋರ್ಡು ಬರೆಸಿಕೊಂಡವಳಲ್ಲ. ಆಳಂದದ ನೋಂದಣಿ ಕಚೇರಿಯ ಎದುರು ತಗಡಿನ ನೆರಳಿನಡಿ ಕುರ್ಚಿ ಹಾಕಿಕೊಂಡು, ಇಪ್ಪತ್ತೆರಡು ವರ್ಷದಿಂದ ಮನೆ ಹೊಲಗಳ ಖರೀದಿ ಪತ್ರ ಬರೆದುಕೊಡುವ ಹೆಂಗಸು. ಪತ್ರ ಬರೆಸಲು ಬಂದವರು ಮೊದಲು ಮನೆ ಮಾರುವುದು ಹೇಗೆ ಎಂದು ಕೇಳುತ್ತಿದ್ದರು. ಆಮೇಲೆ ಮನೆ ಯಾಕೆ ಮಾರಾಟವಾಗುತ್ತಿಲ್ಲ ಎಂದು ಕೇಳತೊಡಗಿದರು. ಹೀಗೆ ಕೇಳಿ ಕೇಳಿಯೇ ಅವಳು ಸುಳ್ಳಿನ ಸಹಿ, ಬಚ್ಚಿಟ್ಟ ವಾರಸುದಾರ, ಎರಡು ಸಲ ಮಾರಿದ ಗೋಡೆ, ಎಲ್ಲವನ್ನೂ ಹುಡುಕಿ ತೆಗೆಯುವವಳಾದಳು. ಊರವರು ಹೊಗಳಿದರೆ, "ಮನಿ ಕಟ್ಟಿ ನೋಡು, ಮದುವಿ ಮಾಡಿ ನೋಡು ಅಂತಾರಲ್ರಿ, ಮನಿ ಮಾರಿ ನೋಡು ಅಂತ ಹೇಳೂದು ಮರತಾರ," ಅಂದು ನಗುತ್ತಿದ್ದಳು.

ಈಗ ನಗು ಬರುತ್ತಿರಲಿಲ್ಲ. ಇವತ್ತು ಬುಧವಾರ. ಜೇವರ್ಗಿಯಲ್ಲಿ ಸುಮಿತ್ರಾಬಾಯಿ ಕೊಳ್ಳಬೇಕೆಂದಿರುವ ಮನೆಯ ಮಾಲಕ ಶುಕ್ರವಾರ ಸಂಜೆತನಕ ಮಾತ್ರ ಕಾಯುವವನಿದ್ದ. ಆ ಮನೆಗೂ ಸುಮಿತ್ರಾಬಾಯಿಯ ತಂಗಿ ಶೈಲಶ್ರೀಯ ಮನೆಗೂ ಒಂದೇ ಗೋಡೆ. ಒಂದೇ ಹಾಸಿಗೆಯಲ್ಲಿ ಬೆಳೆದು, ಮದುವೆಯಾಗಿ ಇಪ್ಪತ್ತಾರು ವರ್ಷದಿಂದ ಬೇರೆ ಬೇರೆ ಊರಲ್ಲಿರುವ ಅಕ್ಕತಂಗಿಯರಿಗೆ ಅಂಥ ಮನೆ ಇನ್ನೊಂದು ಸಿಗುವ ಹಾಗಿರಲಿಲ್ಲ. ಆಳಂದದ ಮನೆ ಮಾರಾಟವಾಗದೆ ಅದನ್ನು ಕೊಳ್ಳುವ ಹಾಗೂ ಇರಲಿಲ್ಲ.

"ಚಹಾ ಇನ್ನೊಂದೀಟು ಹಾಕ್ಲೇನ್ರಿ ಅಕ್ಕಾರ?" ಒಳಗಿನಿಂದ ಸಂತೋಷಕುಮಾರನ ಹೆಂಡತಿ ಐಶ್ವರ್ಯಾ ಕೂಗಿದಳು. "ಒಳಗ ಬರ್ರಿ, ಇಲ್ಲೇ ಕುಂಡ್ರು ಬರ್ರಿ."

ಮಹಾನಂದಾ ತಟ್ಟನೆ ಎದ್ದಳು. ಗಂಡಸರು ಪಡಸಾಲೆಯಲ್ಲಿ ನುಂಗಿದ ಮಾತು ಹೆಂಗಸರ ಬಾಯಲ್ಲಿ ಒಲೆಯ ಮುಂದೆ ಹೊರಬರುತ್ತದೆ ಎಂಬುದು ಅವಳಿಗೆ ಹೊಸದಲ್ಲ.

ಐಶ್ವರ್ಯಾ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಮ್ಮವ್ರಿಗೆ ಬೈಬ್ಯಾಡ್ರಿ. ಅವ್ರು ಹೇಳಾಂಗಿಲ್ಲ. ಹಿರ್ಯಾರ ಜಾಗಾದ ಮಾತು, ಹೆಂಗ ಹೇಳೂದು?"

"ಯಾವ ಹಿರ್ಯಾರವಾ?"

"ಅದೇ, ಹಿತ್ತಲದಾಗ ಗದ್ದಿಗಿ ಅದಲ್ರಿ."

ಮಹಾನಂದಾಳ ಕೈಯಲ್ಲಿದ್ದ ಕಪ್ಪು ತುಟಿಯ ಹತ್ತಿರವೇ ನಿಂತಿತು.

"ಯಾರ ಹೇಳಿದ್ರು ಗದ್ದಿಗಿ ಅಂತ?"

"ಯಾರ ಹೇಳಬೇಕ್ರಿ? ಕಣ್ಣಿಗಿ ಕಾಣ್ತದಲ್ಲ. ಕಲ್ಲಿಗಿ ವಿಭೂತಿ ಹಚ್ಯಾರ, ಪತ್ರಿ ಏರಿಸ್ಯಾರ, ದೀಪ ಇಟ್ಟಾರ. ಮನಿ ಹಿರ್ಯಾರನ್ನ ಅಲ್ಲೇ ಮಣ್ಣು ಮಾಡಿರಬೇಕು. ಅಂಥ ಮನಿ ತೊಗೊಂಡ್ರ ದಿನಾ ಪೂಜಿ ನಮ್ಮ ಪಾಲಿಗಿ ಬರ್ತದ. ಒಂದು ದಿನ ತಪ್ಪಿದ್ರ ಹೆಂಗ? ಇವ್ರಿಗಿ ಪಾಳಿ ಕೆಲಸ, ನನಗ ಸಣ್ಣ ಮಕ್ಕಳು."

"ಅದನ್ನ ಅಲ್ಲೇ ಕೇಳಬಹುದಿತ್ತಲ್ಲ ತಂಗಿ."

"ಏನಂತ ಕೇಳೂದು? ನಿಮ್ಮ ಹಿರ್ಯಾರು ಇರೂದಕ್ಕ ನಿಮ್ಮ ಮನಿ ಬ್ಯಾಡ ಅಂತೇನ್ರಿ? ಹಂಗಂದ್ರ ಅವ್ರ ಮನಸ್ಸು ಎಷ್ಟು ನೊಂದೀತು. ಕೈ ಮುಗದು ಸುಮ್ಮ ಬಂದ್ವಿ."

ಒಳ್ಳೆಯ ಜನ. ಎಷ್ಟು ಒಳ್ಳೆಯ ಜನ ಎಂದರೆ ಅವರ ಒಳ್ಳೆಯತನವೇ ಒಂದು ಮನೆಯ ಮಾರಾಟವನ್ನು ಮೂರು ಸಲ ಮುರಿದಿತ್ತು. ಮಹಾನಂದಾಳ ಮನೆಯಲ್ಲಿ ಇರುವುದು ಬುದ್ಧನ ಒಂದು ಸಣ್ಣ ಮೂರ್ತಿ. ಗದ್ದಿಗೆಯ ಪೂಜೆ ಮನೆಯ ಜೊತೆಗೇ ಕೊಂಡವರ ಹೆಗಲಿಗೆ ಬರುತ್ತದೆ ಎಂಬ ಅಂಜಿಕೆ ಅವಳ ಲೆಕ್ಕಕ್ಕೆ ಬಂದೇ ಇರಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

ಯಾಕೆಂದರೆ ಆ ಕಲ್ಲಿನ ಕೆಳಗೆ ಏನಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಹಗೇವು. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ, ಅದರ ಬಾಯಿಗೆ ಮುಚ್ಚಿದ ಚಪ್ಪಡಿ, ಒಂದು ಪರಸಿ ಕಲ್ಲು. ತಿಂಗಳ ಹಿಂದೆ ಅವಳೇ ಕಲ್ಲು ಸರಿಸಿಸಿ, ಟಾರ್ಚು ಹಿಡಿದು, ಹೊಟ್ಟೆಯ ಮೇಲೆ ಮಲಗಿ ಒಳಗೆ ಇಣುಕಿದ್ದಳು. ಒಂದು ಮುರಿದ ಮೊರ, ಹಳೆ ಜೋಳದ ವಾಸನೆ, ಅಷ್ಟೇ.

"ಕಲ್ಲಿನ ಫೋಟೋ ಏನರ ತೆಗದೀಯೇನವಾ?"

ಐಶ್ವರ್ಯಾ ಹಿಟ್ಟಿನ ಕೈ ಒರೆಸಿಕೊಂಡು ಮೊಬೈಲು ತಂದಳು. ಮನೆಯ ಎಲ್ಲ ಮೂಲೆಯದೂ ಫೋಟೋ ಇತ್ತು. ಅಡುಗೆಮನೆ, ಬಚ್ಚಲು, ಪಡಸಾಲೆಯ ಕಂಬ. ಕೊನೆಗೆ ಹಿತ್ತಲು. ಪರಸಿ ಕಲ್ಲಿನ ಮೇಲೆ ಬಿಲ್ವಪತ್ರೆ, ಬಿಳಿ ಕಣಗಿಲ ಹೂವು, ಒಂದು ಹಣತೆ, ಮೂರು ಬೆರಳಲ್ಲಿ ಎಳೆದ ವಿಭೂತಿ.

ಮಹಾನಂದಾ ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡಿದಳು. ಮೇಲಿನ ಗೆರೆ ದಪ್ಪ. ಕೆಳಗಿನ ಗೆರೆ ದಪ್ಪ. ನಡುವಿನದು ಮಾತ್ರ ಇದೆಯೋ ಇಲ್ಲವೋ ಎಂಬಂತೆ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಹತ್ತಿಕೊಂಡಿತ್ತು.

ಈ ಗೆರೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ.

ಆಳಂದದ ಬಸ್ಸಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆ ತೆವಳುತ್ತ ಬರುವಾಗ ಅವಳು ಯೋಚಿಸಿದ್ದು ದಲಾಲಿ ದಶರಥನ ಬಗ್ಗೆ. ಮನೆ ಮಾರಿಸಿಕೊಡುವ ಕೆಲಸ ತನಗೆ ಸಿಗಲಿಲ್ಲವೆಂದು, "ಆ ಮನಿ ಹೆಂಗ ಮಾರ್ತೀರಿ ನಾನೂ ನೋಡ್ತೇನಿ," ಎಂದು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರ ಮುಂದೆ ಅಂದವನು ಅವನು. ಹಿತ್ತಲಿಗೆ ಹಿಂದಿನ ಓಣಿಯಿಂದ ಒಂದು ಸಣ್ಣ ಬಾಗಿಲಿದೆ. ಹಗಲು ಹೊತ್ತು ಅದಕ್ಕೆ ಚಿಲಕ ಹಾಕುವ ರೂಢಿ ಇಲ್ಲ. ಯಾರು ಬೇಕಾದರೂ ಬಂದು ಎರಡು ಹೂವು ಇಟ್ಟು ಹೋಗಬಹುದು.

ಇನ್ನೊಂದು ವಿಷಯವೂ ಅವಳನ್ನು ಚುಚ್ಚುತ್ತಿತ್ತು. ಗಿರಾಕಿ ಬರುವ ಹೊತ್ತಿನಲ್ಲಿ ಹಿತ್ತಲು ಖಾಲಿ ಇರುವಂತೆ ಮಾಡಿದ್ದು ಅವಳದೇ ಬುದ್ಧಿವಾದ.

ಮನೆ ಮಾರುವವರಿಗೆ ಅವಳು ಹೇಳುತ್ತಿದ್ದ ಮಾತುಗಳು ಆಳಂದದಲ್ಲಿ ಅರ್ಧ ಜನಕ್ಕೆ ಬಾಯಿಪಾಠ. ಗಿರಾಕಿ ಬರುವ ಮೊದಲು ಖಾತಾ, ಕರದ ರಸೀದಿ, ಋಣಭಾರ ಪತ್ರ ಒಂದೇ ಚೀಲದಲ್ಲಿ ತಯಾರಿರಲಿ. ಹಳೇ ಕ್ಯಾಲೆಂಡರು ತೆಗೀರಿ, ಕಿಟಕಿ ತೆರೀರಿ. ಮಾಳಿಗೆ ಎಲ್ಲಿ ಸೋರುತ್ತದೆ ಎಂಬುದನ್ನು ನೀವೇ ಮೊದಲು ಹೇಳಿ, ಅವರು ಕಂಡುಹಿಡಿದರೆ ಇಲ್ಲದ್ದನ್ನೂ ಕಾಣುತ್ತಾರೆ. ನಿಮ್ಮ ಅವಸರ ಅವರಿಗೆ ತಿಳಿಯಬಾರದು. ಮತ್ತೆ, ಗಿರಾಕಿಯ ಬೆನ್ನು ಹತ್ತಬೇಡಿ. ಹೆಂಗಸು ಅಡುಗೆಮನೆಯಲ್ಲಿರಲಿ, ಗಂಡಸು ಮನೆಯಿಂದ ಹೊರಗೆ ಹೋಗಲಿ. ಗಂಡ ಹೆಂಡತಿ ಇಬ್ಬರೇ ಹಿತ್ತಲಲ್ಲಿ ನಿಂತು ಗುಸುಗುಸು ಮಾತಾಡಿದರೆ ಮಾತ್ರ ಮನೆ ಮಾರಾಟವಾಗುತ್ತದೆ.

ಗುಸುಗುಸು ಮಾತಾಡಿದರು ಹೌದು. ಗದ್ದಿಗೆಯ ಬಗ್ಗೆ ಮಾತಾಡಿದರು.

ದಶರಥ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲೇ ಸಿಕ್ಕ. ಬಲಗೈ ಭುಜದಿಂದ ಬೆರಳ ತುದಿಯ ತನಕ ಪ್ಲಾಸ್ಟರಿನಲ್ಲಿತ್ತು.

"ಏನಾತೋ ಮಾರಾಯಾ?"

"ಮೋಟಾರ್‌ಸೈಕಲ್ ಮ್ಯಾಲಿಂದ ಬಿದ್ದೀನ್ರಿ. ತಿಂಗಳಾತು. ಊಟನೂ ಎಡಗೈಲೇ," ಅಂದ ಅಳುಮುಖ ಮಾಡಿ. "ಆ ಮನಿ ಮಾರಾತೇನ್ರಿ?"

ಮಹಾನಂದಾ ಅವನಿಗೊಂದು ಚಹಾ ಹೇಳಿ, ಬಶಿಗೆ ತಾನೇ ಹುಯ್ದು ಕೊಟ್ಟು, ಮನೆಗೆ ನಡೆದಳು. ಪ್ಲಾಸ್ಟರಿನ ಕೈಯಿಂದ ವಿಭೂತಿ ಎಳೆಯಲಾಗುವುದಿಲ್ಲ. ಎಡಗೈಯಲ್ಲಿ ಹಿರಿಯರಿಗೆ ವಿಭೂತಿ ಹಚ್ಚುವಷ್ಟು ಕೆಟ್ಟವನೂ ಅವನಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾಲ್ಕನೆಯ ಗಿರಾಕಿ ಬರುವವನಿದ್ದ. ಅತನೂರಿನ ಶಾಲೆಯ ಮಾಸ್ತರ ಮಹೇಶಕುಮಾರ, ಹೆಂಡತಿಯನ್ನೂ ಕರೆತರುತ್ತಾನೆ. ಶುಕ್ರವಾರದೊಳಗೆ ಇನ್ನೊಬ್ಬ ಸಿಗುವ ಭರವಸೆ ಇರಲಿಲ್ಲ.

ಒಂಬತ್ತಕ್ಕೆಲ್ಲ ಮಹಾನಂದಾ ಸುಮಿತ್ರಾಬಾಯಿಯ ಮನೆಯಲ್ಲಿದ್ದಳು. ಪಡಸಾಲೆ ಗುಡಿಸಿ ಸಾರಿಸಿ ಕನ್ನಡಿಯಂತಾಗಿತ್ತು. ಸುಮಿತ್ರಾಬಾಯಿ ಐವತ್ತೆರಡರ ದುಂಡನೆಯ ಹೆಂಗಸು. ಅವಳು ಖುಷಿಯಾದಾಗ ಮನೆಯ ಪಾತ್ರೆಗಳೂ ಹೆಚ್ಚು ಸದ್ದು ಮಾಡುತ್ತವೆ ಎಂದು ಓಣಿಯವರು ಛೇಡಿಸುತ್ತಿದ್ದರು.

"ಮಹಾನಂದಕ್ಕ, ಇವತ್ತ ಆಗ್ತದಂತ ಅನಸ್ತದ ನೋಡು," ಅಂದಳು. "ನಾನು ಶೈಲಾ ಕೂಡಿ ಎಲ್ಲಾ ಠರಾವು ಮಾಡೀವಿ. ನಡುವಿನ ಗ್ವಾಡಿಗಿ ಒಂದು ಬಾಗಲ ಕಡಸೂದು. ಬಾಗಲಕ್ಕ ಕದ ಇಲ್ಲ. ಆಕಿ ಮನ್ಯಾಗ ಪಲ್ಯ, ನಮ್ಮ ಮನ್ಯಾಗ ರೊಟ್ಟಿ."

"ನಾಗಣ್ಣಾರು ಏನಂತಾರ?"

"ಅವ್ರೇನಂತಾರ. ನಾ ಹೂಂ ಅಂದ್ರ ಹೂಂ. ಉಪ್ಪಿಲ್ಲದ ಸಾರಿಗೂ ಭೇಷ್ ಅಂದ ಮನುಷ್ಯಾ ಅವ್ರು."

ಅಷ್ಟರಲ್ಲಿ ಗಂಡ ನಾಗಣ್ಣ ದೇವರ ಕೋಣೆಯಿಂದ ಹೊರಬಂದ. ಸ್ನಾನ, ಲಿಂಗಪೂಜೆ ಮುಗಿಸಿ ಬಿಳಿ ಅಂಗಿ ತೊಟ್ಟಿದ್ದ. ಬೇಳೆ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ಆಳು. ಒಮ್ಮೆ ಯಂತ್ರದ ಪಟ್ಟಿಗೆ ಸಿಕ್ಕು ಬಲಗೈಯ ನಡುಬೆರಳಿನ ಒಂದು ಗೆಣ್ಣು ಹೋದಾಗ, ಯಂತ್ರ ನಿಲ್ಲಿಸಬೇಕಾಯಿತೆಂದು ಮಾಲಕನ ಕ್ಷಮೆ ಕೇಳಿದ್ದನಂತೆ.

"ಶರಣ್ರೀ ಅಕ್ಕಾರ," ಎಂದು ಕೈ ಮುಗಿದ. "ನಾ ಕಾಯಿಪಲ್ಯಾ ತರಾಕ ಹೋಗ್ತೇನ್ರಿ. ನೀವು ಹೇಳೀರಲ್ಲ, ಗಂಡಸರು ಮನ್ಯಾಗ ಇರಬಾರದಂತ."

ಮಹಾನಂದಾ ಕೈ ಮುಗಿಯುವುದನ್ನು ಮರೆತು ಅವನ ಹಣೆಯನ್ನೇ ನೋಡಿದಳು. ಮೂರು ಗೆರೆ ವಿಭೂತಿ. ಮೇಲಿನದು ದಪ್ಪ, ಕೆಳಗಿನದು ದಪ್ಪ. ನಡುವಿನದು ಇದೆಯೋ ಇಲ್ಲವೋ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಈ ಹಣೆಯನ್ನು ತಿಂಗಳಿಂದ ದಿನಾ ನೋಡುತ್ತಿದ್ದಳು.

ನಾಗಣ್ಣ ಚೀಲ ಹಿಡಿದು ಮುಂಬಾಗಿಲಿನಿಂದ ಹೊರಟ. ಮಹಾನಂದಾ ಸುಮಿತ್ರಾಗೆ ಏನೂ ಹೇಳಲಿಲ್ಲ. ಅಡುಗೆಮನೆಯಿಂದ ಹೊರಬರಬೇಡ ಎಂದಷ್ಟೇ ಹೇಳಿ, ಹಿತ್ತಲಿಗೆ ಹೋಗಿ ಕುಳ್ಳಿನ ಒಟ್ಟಿಲಿನ ಮರೆಯಲ್ಲಿ ಒಂದು ಡಬ್ಬ ಬೋರಲು ಹಾಕಿ ಕುಳಿತಳು. ಕೊರಗು ಅವಳಿಗೆ. ಈ ಮನುಷ್ಯ ಕಳ್ಳನಾಗಿರಬಾರದು ಎಂದು ಅವಳ ಮನಸ್ಸು ಹಟ ಹಿಡಿದಿತ್ತು.

ಹತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ಓಣಿಯ ಕಡೆಯ ಸಣ್ಣ ಬಾಗಿಲು ಕಿರ್ ಅಂದಿತು. ನಾಗಣ್ಣ ಒಳಬಂದು ಕದ ಮುಂದೆ ಮಾಡಿ ಚಿಲಕ ಹಾಕಿದ. ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಚೀಲದಿಂದ ಪತ್ರೆ, ಹೂವು, ಹಣತೆ ಒಂದೊಂದಾಗಿ ತೆಗೆದಿಟ್ಟ. ವಿಭೂತಿಯ ಗಟ್ಟಿ ತೆಗೆದ.

"ಇದ್ಯಾವ ಕಾಯಿಪಲ್ಯಾರಿ ನಾಗಣ್ಣಾರ?"

ಅವನು ಬೆಚ್ಚಿದ. ಆದರೆ ಓಡಲಿಲ್ಲ, ಹೂವನ್ನು ಬಚ್ಚಿಡಲೂ ಇಲ್ಲ.

"ಕಾಯಿಪಲ್ಯಾನೂ ತಂದೇನ್ರಿ. ಬದ್ನಿಕಾಯಿ ತಳಗ ಅವ."

"ಈ ಕಲ್ಲಿನ ತಳಗ ಏನದ?"

"ಏನೂ ಇಲ್ರಿ. ಖಾಲಿ ಹಗೇವು."

"ಗದ್ದಿಗಿ ಅದ ಅಂತ ಯಾರಿಗರ ಹೇಳೀರೇನು?"

"ಇಲ್ರಿ. ನಾ ಸುಳ್ಳ ಹೇಳಾಂಗಿಲ್ಲ."

"ಬಾಯಿಲೆ ಹೇಳಿಲ್ಲ. ಹೂವಿನ ಕಡಿಂದ ಹೇಳಿಸೀರಿ. ಅವ್ರು ಹೋದ ಮ್ಯಾಲ ಯಾರಿಗೂ ಕಾಣದಾಂಗ ಒರಸೀರಿ. ಮೂರು ಸಲ."

ನಾಗಣ್ಣ ತಲೆ ತಗ್ಗಿಸಿದ. ಒದ್ದೆ ಟವೆಲ್ಲು ಚೀಲದಲ್ಲೇ ಇತ್ತು.

ಮಹಾನಂದಾಳ ಸಿಟ್ಟು ಈಗ ಹೊರಗೆ ಬಂತು. ದನಿ ಏರಿಸಲಿಲ್ಲ, ಒಳಗೆ ಸುಮಿತ್ರಾ ಇದ್ದಳು. "ಆಕಿ ಇಪ್ಪತ್ತಾರು ವರ್ಷ ಈ ದಿನದ ಹಾದಿ ನೋಡ್ಯಾಳ. ಗ್ವಾಡಿಗಿ ಬಾಗಲ ಎಲ್ಲಿ ಕಡಸೂದು ಅಂತ ನನ್ನ ಮುಂದ ಇದ್ದಲಿಲೆ ಗೆರಿ ಹಾಕಿ ತೋರಸ್ತಾಳ. ನಿಮಗ ಈ ಮನಿ ಬಿಡಾಕ ಮನಸ್ಸಿಲ್ಲಂದ್ರ ಬಾಯಿ ತೆಗದು ಹೇಳ್ರಿ. ಹೆಂಡ್ತಿ ಬೆನ್ನ ಹಿಂದ ಇಂಥಾ ಕೆಲಸ ಮಾಡ್ತಾರೇನ್ರಿ?"

"ಮನಸ್ಸಿಲ್ಲ ಅಂತ ಯಾರಂದ್ರಿ?" ನಾಗಣ್ಣನ ಕಣ್ಣು ತುಂಬಿತ್ತು. "ಆಕಿ ಯಾವ ಊರಿಗಿ ನಡಿ ಅಂದ್ರೂ ನಾ ಚಪ್ಪಲಿ ಹಾಕ್ಕೋತೇನ್ರಿ. ಊರ ಹೆಸರೂ ಕೇಳಾಂಗಿಲ್ಲ."

"ಮತ್ತ ಯಾಕ?"

ಅವನ ಕೈ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಗೆ ಹೋಯಿತು, ಇಷ್ಟಲಿಂಗದ ಕರಡಿಗೆಗೆ.

"ಆಣಿ ಅದ್ರಿ. ಲಿಂಗದ ಮ್ಯಾಲ."

"ಏನಂತ ಆಣಿ?"

"ಸುಮಿತ್ರಾಗ ಹೇಳಬಾರದು ಅಂತ."

"ನಾ ಸುಮಿತ್ರಾ ಏನ್ರಿ?"

ನಾಗಣ್ಣ ಇದನ್ನು ನಿಜವಾಗಿಯೂ ವಿಚಾರ ಮಾಡಿದ. ಅವನ ಹಣೆಯ ಮೇಲೆ ಗೆರೆಗಳು ಕೂಡಿದವು. ಆಮೇಲೆ ಹೆಗಲಿನಿಂದ ಮೂಟೆ ಇಳಿಸಿದ ಹಮಾಲನ ಹಾಗೆ ಕಲ್ಲಿನ ಮೇಲೇ ಕುಸಿದು ಕುಳಿತ.

"ಅಲ್ರಿ," ಅಂದ. "ಇಷ್ಟು ದಿನ ಯಾರೂ ಕೇಳಲಿಲ್ಲ ನೋಡ್ರಿ."

ಆಮೇಲೆ ಹೇಳಿದ. ಹೋದ ತಿಂಗಳು ಹೊಲದ ಸೀತನಿ ಬಂದಿತ್ತು. ಎಳೆಯ ಜೋಳ ಸುಟ್ಟು ತಿನ್ನುವುದೆಂದರೆ ಶೈಲಶ್ರೀಗೆ ಪ್ರಾಣ. ಹೇಳದೆ ಕೇಳದೆ ಹೋಗಿ ಅವಳನ್ನು ಖುಷಿಪಡಿಸಬೇಕೆಂದು ನಾಗಣ್ಣ ತೆನೆಯ ಚೀಲ ಹೊತ್ತು ಜೇವರ್ಗಿಯ ಬಸ್ಸು ಹತ್ತಿದ. ಬಾಗಿಲು ತೆರೆದದ್ದು ಗುರುತಿಲ್ಲದ ಹೆಂಗಸು. ಒಳಗೆ ಸುಣ್ಣ ಬಳಿಯುತ್ತಿದ್ದರು.

"ಈ ಮನಿ ನಾವು ತೊಗೊಂಡೀವಿ ಅಂದ್ಳರಿ. ಶೈಲಾ ಮನಿ ಮಾರಿಬಿಟ್ಟಾಳ. ರಿಜಿಸ್ಟ್ರಿ ಆಗಿ ಹದಿನೈದು ದಿನ ಆಗಿತ್ತಂತ."

ಮಹಾನಂದಾ ಡಬ್ಬದ ಮೇಲೆ ಮತ್ತೆ ಕುಳಿತಳು.

"ಫೋನ್ ಮಾಡ್ದೆ. ಬಸ್‌ಸ್ಟ್ಯಾಂಡಿಗಿ ಬಂದ್ಳು. ಬಂದವಳೇ ನನ್ನ ಕಾಲು ಹಿಡದ್ಳರಿ. ಮಾಮಾ, ಅಕ್ಕಗ ನಾನೇ ಹೇಳ್ತೇನಿ, ನೀವು ಹೇಳಬ್ಯಾಡ್ರಿ, ಲಿಂಗ ಮುಟ್ಟಿ ಆಣಿ ಮಾಡ್ರಿ ಅಂದ್ಳು. ಮಗಳಂಗ ನೋಡಿದ ಹುಡುಗಿ. ಮಾಡ್ದೆ. ಆದ್ರ ಆಕಿ ಇವತ್ತಿಗೂ ಹೇಳವಲ್ಲಳು. ದಿನಾ ಫೋನ್ಯಾಗ ಅಕ್ಕನ ಕೂಡ ಬಾಗಲ ಎಲ್ಲಿ ಕಡಸೂದು ಅಂತ ಮಾತಾಡ್ತಾಳ."

"ಮತ್ತ ಸುಮಿತ್ರಾ 'ಮನಿ ಮಾರ್ತೇನಿ' ಅಂತ ನನ್ನ ಹತ್ರ ಬಂದ್ಳು."

"ಹೌದ್ರಿ. ಹೇಳಿದ್ರ ಆಣಿ ಮುರೀತದ. ಸುಮ್ಮಿದ್ರ ಇದ್ದ ಮನಿ ಹೋಗಿ, ಯಾರೋ ಗುರುತಿಲ್ಲದವರ ಗ್ವಾಡಿ ಪಕ್ಕಾ ಆಕಿ ಒಬ್ಬಾಕಿ ಕುಂತಗೋತಾಳ. ನನಗ ಬ್ಯಾರೆ ಹಾದಿ ತಿಳೀಲಿಲ್ರಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಈ ಭೋಳೇ ಮನುಷ್ಯ ಒಂದು ಚೀಲ ಹೂವು ಹಿಡಿದುಕೊಂಡು ತಿಂಗಳಿಡೀ ಒದ್ದಾಡಿದ್ದ. ಮಹಾನಂದಾಗೆ ಅವನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಒಂದು ಕಪಾಳಕ್ಕೆ ಬಿಗಿಯಬೇಕು ಅಂತಲೂ ಅನ್ನಿಸಿತು.

"ಯಾಕ ಮಾರಿದ್ಳು ಆಕಿ? ಈಗ ಎಲ್ಲಿದ್ದಾಳ?"

ನಾಗಣ್ಣ ಚೆಲ್ಲಿದ ಪತ್ರೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸತೊಡಗಿದ. ಅವನಿಗೂ ಗೊತ್ತಿಲ್ಲ ಎಂದು ಮಹಾನಂದಾ ತಿಳಿದುಕೊಂಡಳು. ಇಪ್ಪತ್ತೆರಡು ವರ್ಷದ ಅನುಭವದ ಹೆಂಗಸು ಅವತ್ತು ಮಾಡಿದ ದೊಡ್ಡ ತಪ್ಪು ಅದು. ಸುಳ್ಳು ಹೇಳದ ಮನುಷ್ಯ ಸುಮ್ಮನಾದರೆ ಇನ್ನೊಂದು ಸಲ ಕೇಳಬೇಕಿತ್ತು.

ಅವಳು ಹೂವು ಪತ್ರೆ ಎಲ್ಲವನ್ನೂ ಬಾಚಿ ಅವನ ಚೀಲಕ್ಕೆ ಹಾಕಿದಳು.

"ಕೇಳ್ರಿ. ಇವತ್ತ ಕಲ್ಲು ಖಾಲಿ ಇರಬೇಕು. ಮಾಸ್ತರ ನಂಬಿ ಬರಾಕತ್ಯಾನ, ಅವಗ ಇಲ್ಲದ್ದು ತೋರಸೂದು ಬ್ಯಾಡ. ಆದ್ರ ಈ ಮನಿ ಒಮ್ಮಿ ಮಾರಿದ್ರ ತಿರುಗಿ ಬರಾಂಗಿಲ್ಲ, ಅದೂ ಖರೆ. ಅವ ಬರೂದ್ರಾಗ ಸುಮಿತ್ರಾಗ ಗೊತ್ತಾಗಬೇಕು. ನೀವು ಹೇಳಬ್ಯಾಡ್ರಿ, ನಾನೂ ಹೇಳಾಂಗಿಲ್ಲ. ಆಕಿ ತಂಗೀನ ಹೇಳಬೇಕು. ನಂಬರ ಕೊಡ್ರಿ."

ನಾಗಣ್ಣ ಕಿಸೆಗೆ ಕೈ ಹಾಕುವಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಸುಮಿತ್ರಾಬಾಯಿ ಹಿತ್ತಲಿಗೆ ಬಂದಳು. ಎರಡೂ ಕೈಗೆ ರೊಟ್ಟಿ ಹಿಟ್ಟು ಮೆತ್ತಿತ್ತು. ಮೊಬೈಲನ್ನು ಎರಡು ಮಣಿಕಟ್ಟಿನ ನಡುವೆ ಹಿಡಿದು, ಸ್ಪೀಕರ್ ಹಚ್ಚಿಕೊಂಡಿದ್ದಳು.

"ಮಾತಾಡು ಬೇ ಶೈಲಾ, ಮಹಾನಂದಕ್ಕ ಇಲ್ಲೇ ಇದ್ದಾಳ. ಅಯ್ಯ, ನೀವು ಯಾವಾಗ ಬಂದ್ರಿ?" ಎಂದು ಗಂಡನನ್ನು ನೋಡಿ ಹುಬ್ಬೇರಿಸಿದಳು.

"ಶರಣ್ರೀ ಅಕ್ಕಾರ," ಮೊಬೈಲಿನಿಂದ ಶೈಲಶ್ರೀಯ ದನಿ ಬಂತು. ತೆಳ್ಳಗಿನ, ನಗುನಗುವ ದನಿ. "ಗಿರಾಕಿ ಬಂದ್ರೇನ್ರಿ?"

"ಇನ್ನೂ ಇಲ್ಲವಾ. ನೀ ಎಲ್ಲಿದ್ದಿ ಈಗ?" ಮಹಾನಂದಾ ಮೆಲ್ಲಗೆ ಕೇಳಿದಳು.

"ಇಲ್ಲೇ ಜೇವರ್ಗ್ಯಾಗ್ರಿ, ಮತ್ತೆಲ್ಲಿ? ಭಾಳ ಥಂಡಿ ಅದ ಇವತ್ತ. ನಮ್ಮ ಕಟ್ಟಿ ಮ್ಯಾಲ ಬಿಸಲಿಗಿ ಕುಂತೇನಿ. ಅಕ್ಕಾ, ಆ ಬಾಗಲ ಅಡಗಿಮನಿ ಕಡಿ ಬ್ಯಾಡ ಬೇ, ಪಡಸಾಲಿ ಕಡೀನ ಇರಲಿ."

ಸುಮಿತ್ರಾ ನಕ್ಕಳು. ನಾಗಣ್ಣ ನೆಲ ನೋಡಿದ.

ಆಗ ಹಿಂದಿನ ಓಣಿಯ ತಿರುವಿನಲ್ಲಿ ಕಸದ ಗಾಡಿ ಬಂತು. ಅದರ ಮೈಕು ದಿನದ ಹಾಗೆ ಒದರಿತು. "ಆಳಂದ ಪುರಸಭೆಯ ಸಾರ್ವಜನಿಕರಲ್ಲಿ ವಿನಂತಿ. ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಡಿ."

ಗೋಡೆಯಾಚೆಯಿಂದ ಬಂದ ಆ ಮಾತು, ಅರೆಗಳಿಗೆ ತಡವಾಗಿ, ಸುಮಿತ್ರಾಬಾಯಿಯ ಹಿಟ್ಟಿನ ಕೈಗಳ ನಡುವಿನಿಂದಲೂ ಬಂತು. ಆಳಂದ ಪುರಸಭೆಯ ಸಾರ್ವಜನಿಕರಲ್ಲಿ ವಿನಂತಿ.

ಜೇವರ್ಗಿಗೂ ಕಸದ ಗಾಡಿ ಇದೆ. ಅದು ಆಳಂದದ ಹೆಸರು ಕೂಗುವುದಿಲ್ಲ.

ಗಾಡಿ ಹತ್ತಿರ ಬಂದ ಹಾಗೆ ಎರಡೂ ಕಡೆಯ ದನಿ ಒಟ್ಟೊಟ್ಟಿಗೆ ಏರಿತು. ಶೈಲಶ್ರೀ ಹಿತ್ತಲ ಬಾಗಿಲಿನ ಆಚೆಗೇ ಎಲ್ಲೋ, ಹತ್ತು ಹೆಜ್ಜೆಯೊಳಗೆ ಇದ್ದಳು. ಸುಮಿತ್ರಾಬಾಯಿಯ ನಗು ಮುಖದ ಮೇಲೆ ಹಾಗೆಯೇ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಮೊಬೈಲು ನೋಡಿದಳು. ಬಾಗಿಲು ನೋಡಿದಳು.

"ಶೈಲಾ," ಅಂದಳು. "ನೀ ಖರೆ ಎಲ್ಲಿದ್ದಿ ಬೇ?"

ಉಸಿರಿನ ಸದ್ದೊಂದು ಬಂತು. ಫೋನು ಕಟ್ಟಾಯಿತು.

ಮುಂಬಾಗಿಲಲ್ಲಿ ಯಾರೋ ಚಿಲಕ ಬಡಿದರು. "ಮನಿ ನೋಡಾಕ ಬಂದೀವ್ರಿ, ಅತನೂರಿಂದ."

ಯಾರೂ ಆ ಕಡೆ ತಿರುಗಲಿಲ್ಲ. ಮಹಾನಂದಾ ನಾಲ್ಕೇ ಹೆಜ್ಜೆಯಲ್ಲಿ ಹಿತ್ತಲ ಬಾಗಿಲಿಗೆ ಹೋಗಿ ಚಿಲಕಕ್ಕೆ ಕೈ ಹಾಕಿದಳು. ಹಾಕಿದ ಕೈಯ ಮೇಲೆ ಇನ್ನೊಂದು ಕೈ ಬಂತು. ಜೀವಮಾನದಲ್ಲಿ ಯಾರ ದಾರಿಗೂ ಅಡ್ಡ ನಿಲ್ಲದ ನಾಗಣ್ಣ ಕದಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತಿದ್ದ.

"ತೆಗೀಬ್ಯಾಡ್ರಿ ಅಕ್ಕಾರ," ಎಂದ, ಹೆಂಡತಿಗೆ ಕೇಳದಷ್ಟು ಸಣ್ಣಗೆ. "ನಾ ಓಣ್ಯಾಗ ನೋಡೇನಿ. ಆಕಿ ಒಬ್ಬಾಕಿ ಬಂದಿಲ್ಲ."